ಪಿಕ್ಸೆಲ್ ದೀಪದ ಸರ: ಕಟ್ಟುವ ಮೊದಲು ಪರೀಕ್ಷೆ ಮಾಡುವುದು ಹೇಗೆ?

ಹಬ್ಬದ ಅಲಂಕಾರಕ್ಕೆ ಪಿಕ್ಸೆಲ್ ದೀಪ (ಒಂದೊಂದು ದೀಪದ ಬಣ್ಣವನ್ನೂ ಬೇರೆ ಬೇರೆಯಾಗಿ ಬದಲಿಸಬಹುದಾದ ಸರ) ತಂದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಎರಡು. "ಅರ್ಧ ಸರ ಉರಿಯುತ್ತದೆ, ಅಲ್ಲಿಂದಾಚೆ ಕತ್ತಲೆ. ಕೆಟ್ಟಿರುವುದು ಯಾವ ದೀಪ?" ಇನ್ನೊಂದು, "ಮೇಜಿನ ಮೇಲೆ ಸರಿಯಾಗಿಯೇ ಇತ್ತು, ಮೇಲೆ ಕಟ್ಟಿದ ನಂತರ ಯಾಕೆ ಹೀಗೆ ಮಿಣುಕುತ್ತದೆ?"

ಎರಡನೆಯದಕ್ಕೆ ಉತ್ತರ ಸರಳ. ಮೇಜಿನ ಮೇಲೆ ಮಾಡಿದ್ದು ಪರೀಕ್ಷೆಯೇ ಅಲ್ಲ. ಕೆಂಪು, ಹಸಿರು, ನೀಲಿ ಎಂದು ಒಂದು ನಿಮಿಷ ಬೆಳಗಿಸಿ ನೋಡಿದರೆ ಸರಕ್ಕೆ ಜೀವ ಇದೆ ಎಂದಷ್ಟೇ ಗೊತ್ತಾಗುತ್ತದೆ. ಅಡಗಿರುವ ದೋಷ ಹೊರಬೀಳುವುದು ಪೂರ್ತಿ ಬಿಳಿಯಲ್ಲಿ, ಪೂರ್ತಿ ಕಪ್ಪಿನಲ್ಲಿ (ಕರೆಂಟ್ ಇದ್ದೂ ದೀಪಗಳೆಲ್ಲ ಆರಿರುವಾಗ), ಮತ್ತು ತಂತಿಯನ್ನು ಕೈಯಲ್ಲಿ ಅಲುಗಾಡಿಸಿದಾಗ. ಆದ್ದರಿಂದ ಪ್ರತಿ ಸರವನ್ನೂ ಕೆಳಗೆ ಹೇಳಿದ ಕ್ರಮದಲ್ಲೇ ದಾಟಿಸಿ.

ಒಳಗೆ ನಡೆಯುವುದೇನು

ಈ ದೀಪಗಳಲ್ಲಿ ಪ್ರತಿಯೊಂದಕ್ಕೂ ತನ್ನದೇ ಚಿಪ್ ಇರುತ್ತದೆ. ಹೆಚ್ಚಾಗಿ ಸಿಗುವುದು ಡಬ್ಲ್ಯುಎಸ್2811 (ಗುಂಡು ತಲೆಯ ದೀಪಗಳಲ್ಲಿ) ಮತ್ತು ಡಬ್ಲ್ಯುಎಸ್2812ಬಿ (ಪಟ್ಟಿಗಳಲ್ಲಿ). ಕಂಟ್ರೋಲರ್ (ಯಾವ ದೀಪಕ್ಕೆ ಯಾವ ಬಣ್ಣ ಎಂದು ಹೇಳುವ ಸಾಧನ) ಕಳಿಸುವ ಸಂಕೇತ, ಅಂದರೆ ಡೇಟಾ, ಒಂದೇ ತಂತಿಯಲ್ಲಿ ಬರುತ್ತದೆ. ಸಾಲಾಗಿ ಕೂತವರು ಕಾಗದದ ಕಟ್ಟಿನಿಂದ ಮೇಲಿನ ಹಾಳೆಯನ್ನು ತಾವಿಟ್ಟುಕೊಂಡು ಉಳಿದ ಕಟ್ಟನ್ನು ಪಕ್ಕದವರಿಗೆ ದಾಟಿಸುವ ಹಾಗೆ, ಮೊದಲ ಚಿಪ್ ಮೊದಲ 24 ಬಿಟ್‌ಗಳನ್ನು ಇಟ್ಟುಕೊಂಡು ಮಿಕ್ಕದ್ದನ್ನು ಮುಂದಕ್ಕೆ ಕಳಿಸುತ್ತದೆ. ಬಣ್ಣಕ್ಕೆ 8 ಬಿಟ್‌ನಂತೆ ಮೂರು ಬಣ್ಣಕ್ಕೆ 24.

ಇದರಿಂದ ಎರಡು ವಿಷಯ ನೆನಪಿಡಬೇಕು. ಒಂದು, ಸರಕ್ಕೆ ದಿಕ್ಕು ಇದೆ. ಡೇಟಾ ಒಳಗೆ ಹೋಗುವ ತುದಿ ಬೇರೆ, ಹೊರಬರುವ ತುದಿ ಬೇರೆ. ಎರಡು, ನಡುವಿನ ಒಂದು ಚಿಪ್ ಸಂಕೇತ ದಾಟಿಸದಿದ್ದರೆ ಅದರ ನಂತರದ ದೀಪಗಳೆಲ್ಲ ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಡಬ್ಲ್ಯುಎಸ್2813, ಡಬ್ಲ್ಯುಎಸ್2815ರಂಥ ಚಿಪ್‌ಗಳಲ್ಲಿ ಮಾತ್ರ ಹೆಚ್ಚುವರಿ ಡೇಟಾ ತಂತಿ ಇದೆ. ಒಂದು ದೀಪ ಸತ್ತರೂ ಮುಂದಿನದು ಉರಿಯುತ್ತದೆ, ಪಕ್ಕಪಕ್ಕದ ಎರಡು ಸತ್ತರೆ ಮಾತ್ರ ಸರ ಕಡಿಯುತ್ತದೆ.

ಬೇಕಾಗುವ ಸಾಮಾನು

ಸರದ ವೋಲ್ಟೇಜಿಗೆ ಹೊಂದುವ ಪವರ್ ಸಪ್ಲೈ (5 ಅಥವಾ 12 ವೋಲ್ಟ್), ಮಲ್ಟಿಮೀಟರ್, ಸಂಕೇತ ಕಳಿಸಲು ಒಂದು ಪಿಕ್ಸೆಲ್ ಟೆಸ್ಟರ್ ಅಥವಾ ಕಂಟ್ರೋಲರ್, 5 ಆಂಪ್‌ನ ಫ್ಯೂಸ್ ಹಾಕಿದ ಪ್ಲಸ್ ತಂತಿ, ತಂತಿ ಸುಲಿಯುವ ಇಕ್ಕಳ, ಬೆಸುಗೆ ಸಾಮಾನು, ಹೀಟ್ ಶ್ರಿಂಕ್ ಕೊಳವೆ (ಬಿಸಿ ತಾಗಿದರೆ ಕುಗ್ಗಿ ತಂತಿಯನ್ನು ಬಿಗಿಯುವಂಥದ್ದು), ಅಳಿಸಿ ಹೋಗದ ಪೆನ್ನು, ಅಂಟುಚೀಟಿ.

ಕಂಟ್ರೋಲರ್ ಇಲ್ಲದವರಿಗೆ ಇಎಸ್‌ಪಿ32 ಎಂಬ ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡಿಗೆ ಡಬ್ಲ್ಯುಎಲ್‌ಇಡಿ ಎಂಬ ಉಚಿತ ತಂತ್ರಾಂಶ ಹಾಕಿಕೊಂಡರೆ ಸಾಕು, ಫೋನಿನಿಂದಲೇ ಎಲ್ಲ ಪರೀಕ್ಷೆಯೂ ಆಗುತ್ತದೆ. ಒಂದು ಎಚ್ಚರಿಕೆ: ಆ ಬೋರ್ಡಿನ 5 ವೋಲ್ಟ್ ಪಿನ್ನಿನಿಂದ ಸರಕ್ಕೆ ಕರೆಂಟ್ ಕೊಡಬೇಡಿ. 50 ದೀಪ ಪೂರ್ತಿ ಬಿಳಿಯಲ್ಲಿ 3 ಆಂಪ್‌ನಷ್ಟು ಎಳೆಯಬಲ್ಲವು, ಬೋರ್ಡಿನ ಸಣ್ಣ ತಾಮ್ರದ ಗೆರೆ ಅದನ್ನು ತಾಳುವುದಿಲ್ಲ.

1. ಕರೆಂಟ್ ಕೊಡುವ ಮೊದಲು ಕಣ್ಣಿನಿಂದ ನೋಡಿ

ಚೀಟಿಯಲ್ಲಿರುವ ವೋಲ್ಟೇಜನ್ನು ಓದಿ, ಸರದ ಎರಡೂ ತುದಿಗೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ. 5 ವೋಲ್ಟಿನ ಸರಕ್ಕೆ 12 ವೋಲ್ಟ್ ತಗುಲಿದರೆ ಒಂದು ಕ್ಷಣ ಸಾಕು, ಸರ ಪೂರ್ತಿ ಹೋಗುತ್ತದೆ. ಎರಡೂ ಬಗೆಯ ಸರ ನಿಮ್ಮಲ್ಲಿದ್ದರೆ ಕನೆಕ್ಟರ್‌ಗಳನ್ನೇ ಬೇರೆ ಬೇರೆ ಬಗೆಯವನ್ನಾಗಿ ಮಾಡಿಕೊಳ್ಳಿ. ಚೀಟಿ ನೋಡದೆ ಚುಚ್ಚುವ ಕೈಯನ್ನು ತಡೆಯುವುದು ಅದೊಂದೇ.

ಪಟ್ಟಿಯಾದರೆ ಬಾಣದ ಗುರುತು ಇರುತ್ತದೆ, ಅದು ಕಂಟ್ರೋಲರ್‌ನಿಂದ ದೂರಕ್ಕೆ ತೋರಿಸಬೇಕು. ಗುಂಡು ದೀಪದಲ್ಲಿ ಪಾರದರ್ಶಕ ಅಂಟಿನ ಒಳಗೆ ಪುಟ್ಟ ಬೋರ್ಡ್ ಕಾಣುತ್ತದೆ. ಅದರ ಮೇಲೆ ಡಿಐ ಎಂಬ ಅಕ್ಷರಗಳಿದ್ದ ಕಡೆ ಡೇಟಾ ಒಳಕ್ಕೆ, ಡಿಒ ಎಂದಿದ್ದ ಕಡೆ ಹೊರಕ್ಕೆ.

ನಂತರ ಪ್ರತಿ ದೀಪದ ಕುತ್ತಿಗೆಯಲ್ಲಿ, ಅಂದರೆ ತಂತಿ ಅಂಟಿನೊಳಗೆ ಹೋಗುವ ಜಾಗದಲ್ಲಿ, ಬಿರುಕು, ಗುಳ್ಳೆ, ಹೊರಗೆ ಕಾಣುವ ತಾಮ್ರ ಇದೆಯೇ ನೋಡಿ. ಮಳೆಯ ನೀರು ಒಳಹೋಗುವುದು ಅಲ್ಲಿಂದಲೇ.

2. ಮಲ್ಟಿಮೀಟರಿನಿಂದ ತಂತಿ ಗುರುತಿಸಿ

ತಂತಿಯ ಬಣ್ಣ ನಂಬಬೇಡಿ. ಕೆಂಪು ಪ್ಲಸ್, ಹಸಿರು ಡೇಟಾ, ಬಿಳಿ ಅಥವಾ ನೀಲಿ ಗ್ರೌಂಡ್ (ಮೈನಸ್) ಎನ್ನುವುದು ರೂಢಿ, ಆದರೆ ತಯಾರಕರು ಇದನ್ನು ಬದಲಿಸುವುದುಂಟು. ಪ್ಲಸ್ ಮೈನಸ್ ಅದಲುಬದಲಾದರೂ ಚಿಪ್ ಸಾಯುತ್ತದೆ.

ಗುರುತಿಸಲು ಸುಲಭದ ದಾರಿ ಇದೆ. ಮೀಟರನ್ನು ಬೀಪ್ ಸದ್ದಿನ ಸ್ಥಾನಕ್ಕೆ ತಿರುಗಿಸಿ, ಒಂದು ಕಡ್ಡಿಯನ್ನು ಸರದ ಈ ತುದಿಯ ತಂತಿಗೆ, ಇನ್ನೊಂದನ್ನು ಆ ತುದಿಯ ಅದೇ ಬಣ್ಣದ ತಂತಿಗೆ ತಾಗಿಸಿ. ಪ್ಲಸ್ ಮತ್ತು ಗ್ರೌಂಡ್ ಸರದುದ್ದಕ್ಕೂ ಹರಿಯುವುದರಿಂದ ಬೀಪ್ ಎನ್ನುತ್ತವೆ. ಡೇಟಾ ಪ್ರತಿ ಚಿಪ್ಪಿನಲ್ಲೂ ಕಡಿದು ಹೊಸದಾಗಿ ಹೊರಡುವುದರಿಂದ ಸುಮ್ಮನಿರುತ್ತದೆ. ಸುಮ್ಮನಿದ್ದದ್ದೇ ಡೇಟಾ. ಉಳಿದ ಎರಡರಲ್ಲಿ ಗ್ರೌಂಡ್ ಯಾವುದೆಂದು ಬೋರ್ಡಿನ ಮೇಲಿನ ಪ್ಲಸ್ ಗುರುತು ಅಥವಾ ತಯಾರಕರ ಹಾಳೆ ನೋಡಿ ಖಚಿತ ಮಾಡಿಕೊಳ್ಳಿ. ನಾಲ್ಕು ತಂತಿಯ ಸರದಲ್ಲಿ ಸುಮ್ಮನಿರುವ ತಂತಿ ಎರಡಿದ್ದರೆ ಅದು ಪ್ರತ್ಯೇಕ ಗಡಿಯಾರ ಸಂಕೇತ ಬೇಡುವ ಎಪಿಎ102ರಂಥ ಚಿಪ್ ಆಗಿರಬಹುದು, ಅಥವಾ ಮೇಲೆ ಹೇಳಿದ ಹೆಚ್ಚುವರಿ ಡೇಟಾ ತಂತಿಯದ್ದು. ಕಂಟ್ರೋಲರ್‌ನಲ್ಲಿ ಅದಕ್ಕೆ ತಕ್ಕ ಬಗೆಯನ್ನೇ ಆರಿಸಬೇಕು.

ಕೊನೆಗೆ ಪ್ಲಸ್ ಮತ್ತು ಗ್ರೌಂಡ್ ನಡುವೆ ಕಡ್ಡಿ ಇಡಿ. ಒಂದು ಕ್ಷಣ ಬೀಪ್ ಎಂದು ನಿಂತರೆ ಚಿಂತೆಯಿಲ್ಲ, ಒಳಗಿನ ಕೆಪಾಸಿಟರ್ ತುಂಬಿಕೊಂಡಿದ್ದು ಅದು. ಸದ್ದು ನಿಲ್ಲದಿದ್ದರೆ ಎಲ್ಲೋ ಶಾರ್ಟ್ ಇದೆ. ಆ ಸರಕ್ಕೆ ಕರೆಂಟ್ ಕೊಡಬೇಡಿ.

3. ಪವರ್ ಸಪ್ಲೈ ಒಂಟಿಯಾಗಿ ಪರೀಕ್ಷಿಸಿ

ಸರ ಜೋಡಿಸದೆಯೇ ಚಾಲೂ ಮಾಡಿ, ಹೊರಬರುವ ವೋಲ್ಟೇಜ್ ಅಳೆಯಿರಿ. ಹಲವು ಸಪ್ಲೈಗಳ ಪಕ್ಕದಲ್ಲಿ 110/220 ಎಂಬ ಪುಟ್ಟ ಸ್ವಿಚ್ ಇರುತ್ತದೆ. ಅದು ನಿಮ್ಮ ಮನೆಯ ಕರೆಂಟಿಗೆ ಹೊಂದಿಕೆಯಾಗಿದೆಯೇ ಎಂದು ಪ್ಲಗ್ ಹಾಕುವ ಮೊದಲೇ ನೋಡಬೇಕು. ಮನೆಯ ಕರೆಂಟಿನ ಕಡೆಯ ಸ್ಕ್ರೂಗಳು ತೆರೆದಿರುವುದರಿಂದ ಮುಚ್ಚಳ ಹಾಕಿ, ಅರ್ಥಿಂಗ್ ತಂತಿ ಬಿಡಬೇಡಿ.

ಸಪ್ಲೈ ಮೇಲೆ ಬರೆದ ಸಾಮರ್ಥ್ಯದ ಶೇ. 80ಕ್ಕಿಂತ ಹೆಚ್ಚು ಹೊರೆ ಹಾಕದಿರುವುದು ಒಳ್ಳೆಯ ಅಭ್ಯಾಸ. ಒಂದು ದೀಪಕ್ಕೆ 60 ಮಿಲಿಆಂಪ್ ಎಂದು ಲೆಕ್ಕ ಹಿಡಿಯಿರಿ: 12 ವೋಲ್ಟಿನ 100 ದೀಪಕ್ಕೆ 6 ಆಂಪ್, ಅಂದರೆ 72 ವ್ಯಾಟ್. ಈಗಿನ ಹಲವು ದೀಪ ಇದಕ್ಕಿಂತ ಕಡಿಮೆ ಎಳೆಯುತ್ತವೆ. ಲೆಕ್ಕ ಮಾತ್ರ ಹೆಚ್ಚಿನದಕ್ಕೇ ಇರಲಿ.

4. ಜೋಡಿಸುವ ಕ್ರಮ

ಕರೆಂಟ್ ಆರಿಸಿರುವಾಗಲೇ ಜೋಡಿಸಿ. ಮೊದಲು ಗ್ರೌಂಡ್, ನಂತರ ಪ್ಲಸ್, ಕೊನೆಗೆ ಡೇಟಾ. ಉರಿಯುತ್ತಿರುವ ಸರದ ಕನೆಕ್ಟರನ್ನು ಕಿತ್ತು ಇನ್ನೊಂದನ್ನು ಸಿಕ್ಕಿಸುವ ಅವಸರದಲ್ಲಿ ಗ್ರೌಂಡಿಗಿಂತ ಮೊದಲು ಡೇಟಾ ತಾಗಿದರೆ ಮೊದಲ ದೀಪ ಬಲಿಯಾಗುತ್ತದೆ.

ಕಂಟ್ರೋಲರ್‌ನ ಗ್ರೌಂಡ್ ಮತ್ತು ಪವರ್ ಸಪ್ಲೈನ ಗ್ರೌಂಡ್ ಒಂದಾಗಿರಲೇಬೇಕು. ಇದೊಂದನ್ನು ಬಿಟ್ಟದ್ದರಿಂದ "ಹುಚ್ಚು ಹಿಡಿದ ಹಾಗೆ ಬಣ್ಣ ಬದಲಾಗುತ್ತದೆ" ಎನ್ನುವವರು ಬಹಳ ಮಂದಿ. ಸಂಕೇತವನ್ನು ಅಳೆಯುವುದೇ ಗ್ರೌಂಡಿಗೆ ಹೋಲಿಸಿ. ಆ ಆಧಾರವೇ ಇಲ್ಲದಿದ್ದರೆ ಚಿಪ್ಪಿಗೆ ಸೊನ್ನೆ ಯಾವುದು ಒಂದು ಯಾವುದು ತಿಳಿಯುವುದಿಲ್ಲ.

ಇಎಸ್‌ಪಿ32 ಬಳಸುವವರು ಗಮನಿಸಬೇಕಾದ್ದು ಇನ್ನೊಂದಿದೆ. ಅದರ ಸಂಕೇತ 3.3 ವೋಲ್ಟಿನದ್ದು. 5 ವೋಲ್ಟಿನಲ್ಲಿ ಓಡುವ ಡಬ್ಲ್ಯುಎಸ್2812ಬಿ ಚಿಪ್ 3.5 ವೋಲ್ಟಿನ ಮೇಲಿದ್ದರೆ ಮಾತ್ರ ಅದನ್ನು ಒಂದು ಎಂದು ಓದುವ ಭರವಸೆ ಕೊಡುತ್ತದೆ. ತಂತಿ ಗೇಣುದ್ದ ಇದ್ದರೆ ಹೇಗೋ ನಡೆಯುತ್ತದೆ, ಮೀಟರುಗಟ್ಟಲೆ ಆದರೆ ಮಿಣುಕಾಟ ಶುರು. ನಡುವೆ 74ಎಎಚ್‌ಸಿಟಿ125 ಎಂಬ ಪುಟ್ಟ ಐಸಿ ಹಾಕಿ ಸಂಕೇತವನ್ನು 5 ವೋಲ್ಟಿಗೆ ಏರಿಸಿ, ಡೇಟಾ ತಂತಿಯಲ್ಲಿ 330 ಓಮ್ ಆಸುಪಾಸಿನ ರೆಸಿಸ್ಟರ್ ಇಡಿ. ಪರೀಕ್ಷೆಯ ಮೇಜಿನ ಮೇಲೆ ಇದು ಇಲ್ಲದಿದ್ದರೆ ಸರ ಕೆಟ್ಟಿದೆಯೋ ಸಂಕೇತ ಸೊರಗಿದೆಯೋ ಹೇಳಲಾಗದು.

5. ಕಂಟ್ರೋಲರ್ ಹೊಂದಿಸಿ

ಚಿಪ್ಪಿನ ಬಗೆ ಆರಿಸಿ. ದೀಪಗಳ ಸಂಖ್ಯೆಯನ್ನು ಇರುವುದಕ್ಕಿಂತ ಹತ್ತು ಹೆಚ್ಚು ಕೊಡಿ; 50ರ ಸರಕ್ಕೆ 60. ಯಾಕೆಂಬುದು ಮುಂದೆ ತಿಳಿಯುತ್ತದೆ. ಹೊಸದಾಗಿ ಹಾಕಿದ ಡಬ್ಲ್ಯುಎಲ್‌ಇಡಿಯಲ್ಲಿ ಸಂಖ್ಯೆ 30 ಎಂದೇ ಇರುತ್ತದೆ. ಅದನ್ನು ಬದಲಿಸದೆ "ಮೂವತ್ತರ ನಂತರ ಸತ್ತಿದೆ" ಎಂದು ಚೆನ್ನಾಗಿರುವ ಸರವನ್ನು ಕತ್ತರಿಸಲು ಹೊರಡಬೇಡಿ.

ಅದಕ್ಕಿಂತ ದೊಡ್ಡ ಬಲೆ ಕರೆಂಟ್ ಮಿತಿಯದ್ದು. ಡಬ್ಲ್ಯುಎಲ್‌ಇಡಿ ತಾನಾಗಿಯೇ ಒಟ್ಟು ಕರೆಂಟನ್ನು 850 ಮಿಲಿಆಂಪ್‌ಗೆ ಕಟ್ಟಿಹಾಕುತ್ತದೆ. ಯುಎಸ್‌ಬಿಯಿಂದ ಓಡಿಸುವವರ ರಕ್ಷಣೆಗೆ ಅದು ಸರಿ. ಆದರೆ ಪೂರ್ತಿ ಬಿಳಿ ಎಂದು ನೀವು ಒತ್ತಿದಾಗ ಅದು ಸದ್ದಿಲ್ಲದೆ ಹೊಳಪು ತಗ್ಗಿಸುತ್ತದೆ, ಹೊರೆಯ ಪರೀಕ್ಷೆ ನಡೆಯುವುದೇ ಇಲ್ಲ, ಎಲ್ಲ ಸರವೂ ಪಾಸ್! ನಿಮ್ಮ ಸಪ್ಲೈ ಮತ್ತು ಫ್ಯೂಸ್ ತಾಳುವಷ್ಟಕ್ಕೆ ಆ ಮಿತಿಯನ್ನು ಏರಿಸಿಕೊಳ್ಳಿ.

6. ಬಣ್ಣದ ಸುತ್ತು

ಹೊಳಪನ್ನು ಶೇ. 30ಕ್ಕೆ ಇಟ್ಟು ಈ ಅನುಕ್ರಮದಲ್ಲಿ ಸಾಗಿ. ಪ್ರತಿ ಹಂತದಲ್ಲೂ ಸರವನ್ನು ಮೊದಲ ದೀಪದಿಂದ ಕೊನೆಯವರೆಗೆ ನಿಧಾನವಾಗಿ ನೋಡಿ. ಒಮ್ಮೆಗೇ ರಾಶಿ ನೋಡಿದರೆ ಸತ್ತ ದೀಪ ಪಕ್ಕದ ಬೆಳಕಿನಲ್ಲಿ ಮುಚ್ಚಿಹೋಗುತ್ತದೆ.

ಕೆಂಪು: ಕಳಿಸಿದ್ದು ಕೆಂಪು, ಉರಿದದ್ದು ಹಸಿರು ಎಂದಾದರೆ ಸರ ಕೆಟ್ಟಿಲ್ಲ, ಬಣ್ಣದ ಕ್ರಮ ತಪ್ಪಿದೆ. ಡಬ್ಲ್ಯುಎಸ್2811 ಸಾಮಾನ್ಯವಾಗಿ ಕೆಂಪು-ಹಸಿರು-ನೀಲಿ ಕ್ರಮದ್ದು, ಡಬ್ಲ್ಯುಎಸ್2812ಬಿ ಹಸಿರು-ಕೆಂಪು-ನೀಲಿಯದ್ದು. ಸೆಟ್ಟಿಂಗ್ ಬದಲಿಸಿ, ಯಾವುದು ಹೊಂದಿತೆಂದು ಚೀಟಿಯಲ್ಲಿ ಬರೆಯಿರಿ. ಸರದಲ್ಲಿ ಒಂದೇ ಒಂದು ದೀಪ ಬೇರೆ ಬಣ್ಣ ತೋರಿಸಿದರೆ ಆ ಜಾಗಕ್ಕೆ ಬೇರೆ ಬಗೆಯ ದೀಪವನ್ನು ಯಾರೋ ಬೆಸೆದಿರಬಹುದು.

ಹಸಿರು, ನೀಲಿ: ಕೆಂಪಿನಲ್ಲಿ ಉರಿದು ನೀಲಿಯಲ್ಲಿ ಮಾತ್ರ ಕತ್ತಲಾದ ದೀಪದಲ್ಲಿ ನೀಲಿ ಎಲ್‌ಇಡಿ ಹೋಗಿದೆ. ಮುಂದಿನವಕ್ಕೆ ಸಂಕೇತ ದಾಟುತ್ತಲೇ ಇರುವುದರಿಂದ ಇದು ಸುಲಭವಾಗಿ ಕಣ್ತಪ್ಪುತ್ತದೆ.

ಕಪ್ಪು: ಇದನ್ನು ಬಿಡುವವರೇ ಹೆಚ್ಚು. ಕೋಣೆಯ ದೀಪ ಆರಿಸಿ, ಕಂಟ್ರೋಲರ್ ಚಾಲೂ ಇರುವಾಗಲೇ ಎಲ್ಲಕ್ಕೂ ಕಪ್ಪು ಕಳಿಸಿ. ಈ ಚಿಪ್‌ಗಳು ಹೊಸ ಸಂಕೇತ ಬರುವವರೆಗೆ ಹಳೆಯ ಬಣ್ಣವನ್ನೇ ಹಿಡಿದುಕೊಂಡಿರುತ್ತವೆ. ಹಾಗಾಗಿ ಒಂದು ಜಾಗದಿಂದಾಚೆ ನೀಲಿಯೇ ಉಳಿದಿದ್ದರೆ ಅಲ್ಲಿ ಕರೆಂಟ್ ಸರಿಯಿದೆ, ಡೇಟಾ ಕಡಿದಿದೆ. ಯಾವುದೋ ಒಂದು ದೀಪ ಮಾತ್ರ ಮಂದವಾಗಿ ಮಿನುಗುತ್ತಿದ್ದರೆ ಒಳಗೆ ತೇವ ಸೇರಿರಬಹುದು.

ಓಡುವ ಚುಕ್ಕೆ: ಒಂದೇ ಬಿಳಿ ಚುಕ್ಕೆ ಒಂದೊಂದಾಗಿ ಸರಿಯುವ ಪರಿಣಾಮ ಹಾಕಿ ಎಣಿಸಿ. 50 ಎಂದು ಮಾರಿದ ಸರದಲ್ಲಿ 49 ಅಥವಾ 51 ಇರುವುದೂ ಉಂಟು. ಸಂಖ್ಯೆಯನ್ನು 60ಕ್ಕೆ ಇಡಲು ಹೇಳಿದ್ದು ಇದಕ್ಕೇ. 50ಕ್ಕೇ ನಿಲ್ಲಿಸಿದ್ದರೆ 51ನೆಯದು ಉರಿಯುತ್ತಲೇ ಇರಲಿಲ್ಲ. ಮಾದರಿಗೆ ತಕ್ಕಂತೆ ಸಾಲು ಜೋಡಿಸುವಾಗ ಈ ಒಂದು ಹೆಚ್ಚುಕಡಿಮೆಯಿಂದ ಅಲ್ಲಿಂದಾಚೆಯ ಚಿತ್ರವೆಲ್ಲ ಒಂದು ಸ್ಥಾನ ಸರಿದುಹೋಗುತ್ತದೆ.

7. ಹೊರೆಯ ಪರೀಕ್ಷೆ

ಈಗ ಪೂರ್ತಿ ಬಿಳಿ, ಹೊಳಪು ಶೇ. 100. ದೀಪವನ್ನು ನೇರವಾಗಿ ದಿಟ್ಟಿಸಬೇಡಿ, ಮೇಲೆ ಬಿಳಿ ಕಾಗದ ಹೊದಿಸಿದರೆ ಬಣ್ಣದ ವ್ಯತ್ಯಾಸ ಇನ್ನೂ ಚೆನ್ನಾಗಿ ತಿಳಿಯುತ್ತದೆ.

ಕೊನೆಯ ದೀಪಗಳು ಹಳದಿಗೆ ಅಥವಾ ಕೆಂಪಿಗೆ ತಿರುಗಿದರೆ ಅದು ವೋಲ್ಟೇಜ್ ಇಳಿತ: ತಂತಿಯ ಉದ್ದಕ್ಕೂ ಸ್ವಲ್ಪ ಸ್ವಲ್ಪ ವೋಲ್ಟೇಜ್ ಸೋರಿ ತುದಿಗೆ ಸಾಲದಾಗುವುದು. ನೀಲಿ ಮತ್ತು ಹಸಿರು ಎಲ್‌ಇಡಿಗೆ 3 ವೋಲ್ಟ್ ಆಸುಪಾಸು ಬೇಕು, ಕೆಂಪಿಗೆ 2 ಸಾಕು. ಆದ್ದರಿಂದ ಮೊದಲು ಸೊರಗುವುದು ನೀಲಿ, ಕೊನೆಗೆ ಉಳಿಯುವುದು ಕೆಂಪು.

ಬಿಳಿ ಉರಿಯುತ್ತಿರುವಾಗಲೇ ಸರದ ಕೊನೆಯ ತುದಿಯಲ್ಲಿ ಪ್ಲಸ್ ಮತ್ತು ಗ್ರೌಂಡ್ ನಡುವೆ ಅಳೆಯಿರಿ. 5 ವೋಲ್ಟಿನ ಸರದಲ್ಲಿ 4.5ರ ಮೇಲಿದ್ದರೆ ಒಳ್ಳೆಯದು. 4ರ ಹತ್ತಿರ ಬಂದರೆ ಬಣ್ಣ ಕೆಡುತ್ತದೆ, ಇನ್ನೂ ಇಳಿದರೆ ಸಂಕೇತ ದಾಟುವುದೂ ಅನುಮಾನ. ಉರಿಯದೆ ಅಳೆದರೆ ಎಲ್ಲ ಕಡೆಯೂ 5 ಎಂದೇ ತೋರಿಸುತ್ತದೆ, ಅದರಿಂದ ಏನೂ ತಿಳಿಯದು. ಒಂದೇ ಬಗೆಯ ಸರಗಳಲ್ಲಿ ಒಂದರ ಅಳತೆ ಮಾತ್ರ ಬಹಳ ಕಡಿಮೆ ಬಂದರೆ ಎಲ್ಲೋ ಬೆಸುಗೆ ಅಥವಾ ಕನೆಕ್ಟರ್ ಸಡಿಲವಿದೆ. ಬೆರಳಿಗೆ ಬಿಸಿ ಎನ್ನಿಸುವ ಕನೆಕ್ಟರನ್ನು ಮೊದಲು ಅನುಮಾನಿಸಿ.

ಕರೆಂಟನ್ನೂ ಅಳೆದರೆ ಉತ್ತಮ. ಕೆಂಪು, ಹಸಿರು, ನೀಲಿ ಒಂದೊಂದಕ್ಕೂ ಹೆಚ್ಚುಕಡಿಮೆ ಒಂದೇ ಅಂಕಿ, ಬಿಳಿಗೆ ಅದರ ಮೂರರಷ್ಟರ ಹತ್ತಿರ ಬರಬೇಕು. ಕಪ್ಪಿನಲ್ಲೂ ಪ್ರತಿ ಚಿಪ್ 1 ಮಿಲಿಆಂಪ್ ಆಸುಪಾಸು ಎಳೆಯುತ್ತದೆ, ಅದು ಸಹಜ. 50ರ ಸರ ಕಪ್ಪಿನಲ್ಲಿ ಅರ್ಧ ಆಂಪ್ ಎಳೆದರೆ ಸಹಜವಲ್ಲ. ಅಳೆದಾದ ಮೇಲೆ ಮೀಟರಿನ ಕೆಂಪು ಕಡ್ಡಿಯನ್ನು 10 ಆಂಪ್ ತೂತಿನಿಂದ ತೆಗೆದು ವೋಲ್ಟ್ ತೂತಿಗೆ ಹಾಕಲು ಮರೆಯಬೇಡಿ. ಹಾಗೇ ವೋಲ್ಟೇಜ್ ಅಳೆಯಲು ಹೋದರೆ ನೇರ ಶಾರ್ಟ್. ಕ್ಲ್ಯಾಂಪ್ ಮೀಟರ್ ಇದ್ದವರು ಅದು ಡಿಸಿ ಅಳೆಯುವಂಥದ್ದೇ ಎಂದು ನೋಡಿಕೊಳ್ಳಿ, ಎಸಿ ಮಾತ್ರ ಅಳೆಯುವುದು ಇಲ್ಲಿ ಸೊನ್ನೆ ತೋರಿಸುತ್ತದೆ.

8. ಅಲುಗಾಟ ಮತ್ತು ದೀರ್ಘ ಓಟ

ಶೇ. 30ರ ಬಿಳಿಯಲ್ಲಿ ಉರಿಯುತ್ತಿರುವಾಗ ಪ್ರತಿ ದೀಪದ ಎರಡೂ ಕಡೆಯ ತಂತಿಯನ್ನು ಕುತ್ತಿಗೆಯ ಬಳಿ ಹಿಡಿದು ಮೆಲ್ಲಗೆ ಬಾಗಿಸಿ. ಅದೋ ಅದರ ಮುಂದಿನವೋ ಒಮ್ಮೆ ಮಿಟುಕಿದರೂ ಸಾಕು, ಗುರುತು ಹಾಕಿ. ಚೌಕಟ್ಟಿನ ತೂತುಗಳಿಗೆ ದೀಪ ಒತ್ತುವಾಗ ತಂತಿಗೆ ಬೀಳುವ ಬಾಗು ಇದಕ್ಕಿಂತ ಹೆಚ್ಚು, ಇಲ್ಲಿ ಮಿಟುಕಿದ್ದು ಅಲ್ಲಿ ಕಡಿಯುತ್ತದೆ. ಮೇಲೆ ಕಟ್ಟಿದ ನಂತರ ಕೆಡುವ ಸರಗಳ ಗುಟ್ಟು ಬಹಳ ಸಲ ಇಷ್ಟೇ.

ನಂತರ ಕನಿಷ್ಠ 8 ಗಂಟೆ, ಸಾಧ್ಯವಾದರೆ ಒಂದು ಹಗಲು ಒಂದು ರಾತ್ರಿ ಓಡಿಸಿ. ಹತ್ತು ನಿಮಿಷ ಬಿಳಿ, ಐದು ನಿಮಿಷ ಕಪ್ಪು ಎಂದು ತಿರುಗುತ್ತಿರಲಿ. ಬಿಸಿಯಾಗಿ ತಣ್ಣಗಾಗುವಾಗ ಹಿಗ್ಗಿ ಕುಗ್ಗುವ ಬೆಸುಗೆಯಲ್ಲೇ ಅರೆಬರೆ ಜೋಡಣೆ ಬಯಲಾಗುವುದು. ಸರವನ್ನು ಬಿಡಿಸಿ ಹರಡಿ. ಸುರುಳಿಯಲ್ಲಿ ಸುತ್ತಿದ ಪಟ್ಟಿಯನ್ನು ಪೂರ್ತಿ ಬಿಳಿಯಲ್ಲಿ ಬಿಟ್ಟರೆ ಶಾಖ ಹೊರಹೋಗದೆ ಪಟ್ಟಿಯೇ ಬಾಡುತ್ತದೆ. ಬಟ್ಟೆ, ರಟ್ಟು, ಹಾಸಿಗೆಯ ಮೇಲೆ ಬೇಡ. ಯಾರೂ ಇಲ್ಲದ ಮನೆಯಲ್ಲೂ ಬೇಡ.

9. ಸತ್ತ ದೀಪ ಹುಡುಕುವುದು

ಮೊದಲ ಪ್ರಶ್ನೆಗೆ ಬಂದೆವು. 23ರವರೆಗೆ ಉರಿಯುತ್ತದೆ, 24ರಿಂದ ಕತ್ತಲೆ ಎಂದುಕೊಳ್ಳಿ. ಸಾಮಾನ್ಯವಾಗಿ ಎಲ್ಲರೂ 24ನ್ನು ಕತ್ತರಿಸಿ ಎಸೆಯುತ್ತಾರೆ. ಅರ್ಧ ಸಲ ಅದು ನಿರಪರಾಧಿ. 23ನೆಯದು ತಾನು ಉರಿದು ಮುಂದಕ್ಕೆ ಸಂಕೇತ ಕಳಿಸದಿರಬಹುದು, ಅಥವಾ 24ಕ್ಕೆ ಸಂಕೇತ ತಲುಪಿದರೂ ಅದು ಸ್ವೀಕರಿಸದಿರಬಹುದು, ಅಥವಾ ನಡುವಿನ ತಂತಿ ಕಡಿದಿರಬಹುದು. ಊಹಿಸುವ ಅಗತ್ಯವಿಲ್ಲ, ಹೀಗೆ ಮಾಡಿ:

ಅ) ಸರದ ಕೊನೆಯ ತುದಿಯಲ್ಲಿ ವೋಲ್ಟೇಜ್ ಅಳೆಯಿರಿ. ಇಲ್ಲವೆಂದರೆ ಕಡಿದಿರುವುದು ಪ್ಲಸ್ ಅಥವಾ ಗ್ರೌಂಡ್ ತಂತಿ. ಇದೆ ಎಂದರೆ ಮುಂದಕ್ಕೆ ಹೋಗಿ.

ಆ) ಕರೆಂಟ್ ಆರಿಸಿ. 23 ಮತ್ತು 24ರ ನಡುವೆ ಡೇಟಾ ತಂತಿಯೊಂದನ್ನೇ ಸರಿಯಾಗಿ ಮಧ್ಯದಲ್ಲಿ ಕತ್ತರಿಸಿ, ಎರಡೂ ತುದಿ ಸುಲಿಯಿರಿ. ಪ್ಲಸ್, ಗ್ರೌಂಡ್ ಮುಟ್ಟಬೇಡಿ.

ಇ) ಕಂಟ್ರೋಲರ್‌ನ ಡೇಟಾ ತಂತಿಯನ್ನು ಸರದ ಆರಂಭದಿಂದ ಬಿಡಿಸಿ, 24ರ ಕಡೆಯ ತುದಿಗೆ ನೇರ ಕೊಟ್ಟು ಕರೆಂಟ್ ಹಾಕಿ. 24ರಿಂದ ಮುಂದೆಲ್ಲ ಉರಿದರೆ ಕೆಟ್ಟದ್ದು 23 (ಅಥವಾ ಅದರಿಂದ ಹೊರಡುವ ತಂತಿ). ಉರಿಯದಿದ್ದರೆ 24.

ತಪ್ಪಿತಸ್ಥನನ್ನು ತೆಗೆದು ಅದೇ ಚಿಪ್, ಅದೇ ವೋಲ್ಟೇಜಿನ ದೀಪವನ್ನು ದಿಕ್ಕು ನೋಡಿ ಬೆಸೆಯಿರಿ. ಬೆಸೆಯುವ ಮೊದಲೇ ಪ್ರತಿ ತಂತಿಗೂ ಹೀಟ್ ಶ್ರಿಂಕ್ ಪೋಣಿಸಿಕೊಳ್ಳಬೇಕು. ಹೊರಾಂಗಣಕ್ಕಾದರೆ ಒಳಗೆ ಅಂಟಿರುವ ಬಗೆಯದ್ದೇ ಆಗಲಿ. ಬರೀ ಟೇಪು ಮಳೆಗೆ ನಿಲ್ಲುವುದಿಲ್ಲ. ರಿಪೇರಿಯಾದ ಸರ ಮತ್ತೆ 6ನೇ ಹಂತದಿಂದ ಶುರುವಾಗಬೇಕು.

ಮೊದಲ ದೀಪದಿಂದಲೇ ಏನೂ ಉರಿಯದಿದ್ದರೆ ಬೆಸುಗೆಗೆ ಕೈ ಹಾಕುವ ಮೊದಲು ಸರವನ್ನು ತಿರುಗಿಸಿ ಇನ್ನೊಂದು ತುದಿಯಿಂದ ಕೊಟ್ಟು ನೋಡಿ. ತಪ್ಪು ತುದಿಯಿಂದ ಡೇಟಾ ಕೊಟ್ಟರೆ, ಪ್ಲಸ್-ಮೈನಸ್ ಸರಿಯಿರುವವರೆಗೆ, ಸಾಮಾನ್ಯವಾಗಿ ಹಾನಿಯಿಲ್ಲ, ಕತ್ತಲೆ ಅಷ್ಟೇ.

10. ಜೋಡಿಸಿದ ಮೇಲೆ ಇನ್ನೊಂದು ಸುತ್ತು

ಒಂಟಿಯಾಗಿ ಪಾಸಾದ ಸರಗಳನ್ನು ನಿಜವಾಗಿ ಎಷ್ಟು ಉದ್ದ ಜೋಡಿಸುತ್ತೀರೋ ಅಷ್ಟೂ ನೆಲದ ಮೇಲೇ ಜೋಡಿಸಿ, ನಿಜವಾಗಿ ಬಳಸುವ ಕೇಬಲ್ಲಿನಲ್ಲೇ ಪೂರ್ತಿ ಬಿಳಿ ಕೊಡಿ. ವೋಲ್ಟೇಜ್ ಇಳಿದರೆ ನಡುವೆ ಪ್ಲಸ್-ಗ್ರೌಂಡ್ ಮತ್ತೆ ಕೊಡಬೇಕು. ಇದಕ್ಕೆ ಪವರ್ ಇಂಜೆಕ್ಷನ್ ಎನ್ನುತ್ತಾರೆ. 5 ವೋಲ್ಟಿನಲ್ಲಿ 50 ದೀಪಕ್ಕೊಮ್ಮೆ ಬೇಕಾಗುವುದು ಸಾಮಾನ್ಯ. 12 ವೋಲ್ಟಿನಲ್ಲಿ, ಅದೂ ಹೊಳಪು ಶೇ. 30ಕ್ಕೆ ಇಳಿಸಿದರೆ, 100ರ ತನಕ ಚಿಂತೆ ಕಡಿಮೆ. ಎರಡು ಬೇರೆ ಸಪ್ಲೈ ಇದ್ದರೆ ಗ್ರೌಂಡ್‌ಗಳನ್ನು ಮಾತ್ರ ಸೇರಿಸಿ. ಪ್ಲಸ್ ತಂತಿಯನ್ನು ಎರಡು ಸಪ್ಲೈಗಳ ಗಡಿಯಲ್ಲಿ ಕತ್ತರಿಸಿಡಿ.

ಕಂಟ್ರೋಲರ್‌ನ ಒಂದು ಪೋರ್ಟಿಗೆ (ಡೇಟಾ ಹೊರಡುವ ಜಾಗಕ್ಕೆ) ಎಷ್ಟು ದೀಪ ಎಂಬುದಕ್ಕೂ ಮಿತಿಯಿದೆ. ಒಂದು ದೀಪದ ಸಂಕೇತಕ್ಕೆ 30 ಮೈಕ್ರೋಸೆಕೆಂಡ್ ಹಿಡಿಯುತ್ತದೆ. ಸೆಕೆಂಡಿಗೆ 40 ಚಿತ್ರ ಬೇಕೆಂದರೆ 800ರ ಆಸುಪಾಸಿಗೆ ನಿಲ್ಲಿಸಿ.

ಮೊದಲ ದೀಪವೇ ಮಿಣುಕಿ ಉಳಿದವೂ ಹುಚ್ಚಾಟ ಆಡಿದರೆ ಕಂಟ್ರೋಲರ್‌ನಿಂದ ಅಲ್ಲಿಗೆ ಹೋಗುವ ಡೇಟಾ ತಂತಿ ಉದ್ದವಾಯಿತು. ಕಂಟ್ರೋಲರನ್ನು ಹತ್ತಿರ ತನ್ನಿ. ಆಗದಿದ್ದರೆ ದಾರಿಯ ಮಧ್ಯೆ ಒಂದು ಬಿಡಿ ದೀಪ ಬೆಸೆಯಿರಿ. ಪ್ರತಿ ಚಿಪ್ ಸಂಕೇತವನ್ನು ಹೊಸದಾಗಿ ಕಳಿಸುವುದರಿಂದ ಅದೇ ಪುನರಾವರ್ತಕವಾಗುತ್ತದೆ. ಸೆಟ್ಟಿಂಗಿನಲ್ಲಿ ಅದನ್ನು ಸದಾ ಕಪ್ಪು ಎಂದು ಬಿಟ್ಟರಾಯಿತು.

ಪ್ರತಿ ಸರದ ಚೀಟಿಯಲ್ಲಿ ಬರೆಯಬೇಕಾದ್ದು: ವೋಲ್ಟೇಜ್, ಚಿಪ್, ಬಣ್ಣದ ಕ್ರಮ, ಎಣಿಸಿದ ಸಂಖ್ಯೆ, ಡೇಟಾ ಒಳಹೋಗುವ ತುದಿ, ಪೂರ್ತಿ ಬಿಳಿಯಲ್ಲಿ ತುದಿಯ ವೋಲ್ಟೇಜ್. ಒಂದೇ ಚೌಕಟ್ಟಿಗೆ ಒಂದೇ ಬಾರಿಗೆ ಬಂದ ಸರಗಳನ್ನೇ ಬಳಸಿ. ಬೇರೆ ಬೇರೆ ಬ್ಯಾಚಿನ ಬಿಳಿ ಅಕ್ಕಪಕ್ಕ ನಿಂತಾಗ ಒಂದು ನೀಲಿಗೆ, ಒಂದು ಹಳದಿಗೆ ವಾಲಿರುವುದು ದೂರದಿಂದಲೂ ಕಾಣುತ್ತದೆ. ಅದೇ ಬ್ಯಾಚಿನ ಒಂದು ಸರವನ್ನು ಕಟ್ಟದೆ ಉಳಿಸಿಕೊಳ್ಳಿ, ರಿಪೇರಿಗೆ ಬಿಡಿ ದೀಪ ಕತ್ತರಿಸುವುದು ಅದರಿಂದಲೇ.